ಪಂಚಾಯತಿಗೆ ಒಂದೇ ಪುಟ ಸಾಕು

ಕಾಸರಗೋಡು ಕಡೆಯ ಒಂದು ಪಂಚಾಯತಿಗೆ ಇಲಿಜ್ವರದ ಬಗ್ಗೆ 14 ಪುಟ ಬರೆದು ಕೊಟ್ಟಿದ್ದೆ. ಮುಂದಿನ ವಾರ ಹೋದರೆ ಅದರ ಮೇಲೆ ಚಾಯದ ಗ್ಲಾಸು ಕೂತಿತ್ತು.

ಈಗ ಒಂದೇ ಪುಟ. ಮೊದಲ ಸಾಲಲ್ಲೇ ಏನು ಮಾಡಬೇಕೆಂದು ಹೇಳಿಬಿಡಿ. ‘ಜಾಗೃತಿ ಮೂಡಿಸಬೇಕು’ ಅಂತ ಸುಮ್ನೆ ಬರೆದರೆ ಯಾರೂ ಏನೂ ಮಾಡುವುದಿಲ್ಲ. ‘ಮಳೆಗೆ ಮೊದಲೇ, ತೋಡು-ಗದ್ದೆಗೆ ಇಳಿಯುವ ಉದ್ಯೋಗ ಖಾತ್ರಿ ಕೆಲಸದವರನ್ನು ಡಾಕ್ಟರಿಗೆ ತೋರಿಸಿ, ವಾರಕ್ಕೊಮ್ಮೆ ಇಲಿಜ್ವರ ತಡೆಯುವ ಮಾತ್ರೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಸಿಗುವಂತೆ ಮಾಡಿ’. ಹೀಗಿರಲಿ. ಯಾರು ಕೊಡುವುದು, ದುಡ್ಡು ಎಲ್ಲಿಂದ, ಅದೂ ಬೇಕು.

ಆಮೇಲೆ ಆಧಾರ. ಈ ಮಾತ್ರೆಯನ್ನು ಪನಾಮಾದಲ್ಲಿ ಪರೀಕ್ಷಿಸಿದ, 1984ರಲ್ಲಿ ಪ್ರಕಟವಾದ ಅಧ್ಯಯನ, 940 ಅಮೆರಿಕನ್ ಸೈನಿಕರು. ‘ಶೇಕಡಾ 95 ರಕ್ಷಣೆ’ ಅಂದರೆ ಮೆಂಬರರಿಗೆ ನಿದ್ದೆ ಬರುತ್ತದೆ. ಔಷಧವಿಲ್ಲದ ಮಾತ್ರೆ ತಿಂದವರಲ್ಲಿ 20 ಜನಕ್ಕೆ ಜ್ವರ ಬಂತು, ಔಷಧ ತಿಂದವರಲ್ಲಿ ಒಬ್ಬನಿಗೆ ಅನ್ನಿ. ಕೊರತೆಯನ್ನೂ ಮುಚ್ಚಿಡಬೇಡಿ: ಅವರು ಗಟ್ಟಿಮುಟ್ಟಾದ ಸೈನಿಕರು, ಅದೂ ಮೂರೇ ವಾರ. ನಮ್ಮವರು ಇಡೀ ಮಳೆಗಾಲ ಕೆಸರಲ್ಲಿರುತ್ತಾರೆ, ಅಲ್ವಾ?

ಮಲಯಾಳದ ಜೊತೆ ಕನ್ನಡ ಪ್ರತಿಯೂ ಇರಲಿ. ಕೊಡುವ ಮೊದಲು ಪಕ್ಕದ ಮನೆಯ ಅಕ್ಕನಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಸಾಲು ಹೊಡೆದುಹಾಕಿ.