ಅಲಾಸ್ಕಕ್ಕೆ ಹೊಸದಾಗಿ ಬಂದಿದ್ದೀರಾ? ಕರಡಿಗೆಂದು ಪಿಸ್ತೂಲು ಕೊಳ್ಳುವ ಮುನ್ನ

ಆಂಕರೇಜ್‌ಗೆ ಬಂದ ಕನ್ನಡದವರು ಮೊದಲ ಬೇಸಿಗೆಯಲ್ಲೇ ಫೋನ್ ಮಾಡಿ ಕೇಳುತ್ತಾರೆ: "ಅಣ್ಣಾ, ಕಾಡಿಗೆ ಹೋಗೋಕೆ ಯಾವ ಗನ್ ತಗೊಳ್ಳಲಿ?" ಕೇಳುವುದು ಸಹಜ. ಇಲ್ಲಿ ಊರಿಗೂ ಕಾಡಿಗೂ ನಡುವೆ ಬೇಲಿಯಿಲ್ಲ. ಬಡಾವಣೆಯ ಬೆನ್ನಿಗೇ ಚುಗಾಚ್ ಸ್ಟೇಟ್ ಪಾರ್ಕ್ ಶುರುವಾಗುತ್ತದೆ. ಕಪ್ಪು ಕರಡಿ ಬಂದು ಕಸದ ಡಬ್ಬ ಮಗುಚಿ ಹೋದರೆ ಇಲ್ಲಿ ಯಾರೂ ಅದನ್ನು ಸುದ್ದಿ ಅನ್ನುವುದಿಲ್ಲ. ಜೊತೆಗೆ ಕೆಲಸ ಮಾಡುವವರು ಎದೆಗೆ ರಿವಾಲ್ವರ್ ಕಟ್ಟಿಕೊಂಡೇ ಮೀನು ಹಿಡಿಯಲು ಹೊರಡುತ್ತಾರೆ.

ನಾನು ಮೊದಲು ಕೇಳುವುದು, "ನಿಮ್ಮ ವೀಸಾ ಯಾವುದು?"

ದಯವಿಟ್ಟು ಇದನ್ನು ಎರಡು ಸಲ ಓದಿ. ಎಚ್-1ಬಿ, ಎಚ್-4, ಎಫ್-1 ಇಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. 21 ವರ್ಷ ತುಂಬಿದವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಮರೆಮಾಡಿ ಒಯ್ಯಬಹುದೆಂದು 2003ರಿಂದ ಅಲಾಸ್ಕದಲ್ಲಿ ಕಾನೂನಿದೆ. ಅದನ್ನು ಕೇಳಿಸಿಕೊಂಡು ಬಹಳ ಜನ ಮೋಸಹೋಗುತ್ತಾರೆ. ರಾಜ್ಯದ ಸಡಿಲಿಕೆ ಫೆಡರಲ್ ನಿಷೇಧವನ್ನು ಅಳಿಸುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು. ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ. ಸ್ನೇಹಿತರ ಪಿಸ್ತೂಲನ್ನು ಶೂಟಿಂಗ್ ರೇಂಜಿನಲ್ಲಿ ಕೈಗೆತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದೂ ಬೇಡ. ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಅಷ್ಟರಿಂದಲೇ ಕೈತಪ್ಪಬಹುದು. ಗ್ರೀನ್ ಕಾರ್ಡ್ ಬಂದ ಮೇಲೆ, ಬೇರೆ ಅಡ್ಡಿಯಿಲ್ಲದಿದ್ದರೆ, ನೀವೂ ಕೊಳ್ಳಬಹುದು.

ಹಾಗಾದರೆ ಅಲ್ಲಿಯವರೆಗೆ ಏನು ಗತಿ? ಬೇರ್ ಸ್ಪ್ರೇ. ಗ್ರೀನ್ ಕಾರ್ಡ್ ಇದ್ದವರಿಗೂ, ಇಲ್ಲೇ ಹುಟ್ಟಿದವರಿಗೂ ನಾನು ಮೊದಲು ಹೇಳುವುದು ಅದನ್ನೇ.

ಇದು ಮೆಣಸಿನಕಾಯಿಯ ಖಾರವನ್ನೇ, ಅಂದರೆ ಕ್ಯಾಪ್ಸೈಸಿನ್ ಅನ್ನು, ಒತ್ತಡದಲ್ಲಿ ತುಂಬಿದ ಡಬ್ಬಿ. ಕೈಚೀಲದಲ್ಲಿಡುವ ಪೆಪ್ಪರ್ ಸ್ಪ್ರೇ ಬೇರೆ, ಇದು ಬೇರೆ. ಲೇಬಲ್ ಮೇಲೆ ಇಪಿಎ, ಅಂದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ, ನೋಂದಣಿ ಇರಬೇಕು, ಕನಿಷ್ಠ 25 ಅಡಿ ಚಿಮ್ಮಬೇಕು. ಅಲಾಸ್ಕದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಘಟನೆಗಳನ್ನು ಸಂಶೋಧಕರು ಒಟ್ಟುಮಾಡಿ ನೋಡಿದ್ದಾರೆ. ಕಂದು ಕರಡಿಗಳ ಮುಂದೆ 92 ಪ್ರತಿಶತ ಸಲ ಅದು ಕೆಲಸ ಮಾಡಿತ್ತು. ಅದೇ ತಂಡದವರು 1883ರಿಂದ 2009ರವರೆಗಿನ 269 ಬಂದೂಕಿನ ಘಟನೆಗಳನ್ನೂ ನೋಡಿದರು. ಕೈಬಂದೂಕು 84 ಪ್ರತಿಶತ ಸಲ ಫಲ ಕೊಟ್ಟಿತ್ತು, ಉದ್ದ ನಳಿಗೆಯವು 76. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಪೂರ್ತಿ ಸರಿಯಲ್ಲ, ಏಕೆಂದರೆ ಸ್ಪ್ರೇ ಲೆಕ್ಕದಲ್ಲಿ ಸುಮ್ಮನೆ ಕುತೂಹಲಕ್ಕೆ ಹತ್ತಿರ ಬಂದ ಕರಡಿಗಳೂ ಸೇರಿವೆ. ಆದರೆ ಒಂದು ಮಾತು ನನ್ನ ಮನಸ್ಸಲ್ಲಿ ನಿಂತಿದೆ: ಬಂದೂಕು ಹಾರಿಸಿದವರಿಗೂ, ಕೈಯಲ್ಲಿದ್ದೂ ಹಾರಿಸದವರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹೊಸಬರು ಮಾಡುವ ತಪ್ಪೂ ಒಂದಿದೆ. ಸೊಳ್ಳೆ ಔಷಧಿಯ ಹಾಗೆ ಇದನ್ನು ಟೆಂಟಿಗೂ ಬಟ್ಟೆಗೂ ಹೊಡೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ಒಣಗಿದ ಮೇಲೆ ಆ ವಾಸನೆಗೇ ಕರಡಿ ಹುಡುಕಿಕೊಂಡು ಬರಬಹುದು. ಡಬ್ಬಿ ಬ್ಯಾಗಿನೊಳಗಲ್ಲ, ಸೊಂಟದಲ್ಲೋ ಎದೆಯ ಪಟ್ಟಿಯಲ್ಲೋ ಇರಲಿ. ವಿಮಾನದಲ್ಲಿ ಇದನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ನೀರಿನ ಮೇಲಿಳಿಯುವ ಸಣ್ಣ ವಿಮಾನ ಹತ್ತುವಾಗ ಪೈಲಟ್‌ಗೆ ಮೊದಲೇ ಹೇಳಿ, ಒಳಗೆ ಇಟ್ಟುಕೊಳ್ಳದೆ ಫ್ಲೋಟಿನಲ್ಲಿ, ಅಂದರೆ ವಿಮಾನ ತೇಲಲೆಂದು ಕೆಳಗಿರುವ ಟೊಳ್ಳು ದೋಣಿಯಂಥ ಭಾಗದಲ್ಲಿ, ಹಾಕಿಸುತ್ತಾರೆ.

ಇನ್ನು ಕಾನೂನಿನ ಅಡ್ಡಿಯಿಲ್ಲ, ಪಿಸ್ತೂಲು ಬೇಕೇ ಬೇಕು ಅನ್ನುವವರಿಗೆ.

ದರೋಜಿಯ ಕರಡಿಯನ್ನು ಕಣ್ಣಮುಂದೆ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಇಲ್ಲಿ ಕರಾವಳಿಯ ದೊಡ್ಡ ಗಂಡು ಕಂದು ಕರಡಿ 400 ಕೆಜಿ ದಾಟುತ್ತದೆ, ಗಂಟೆಗೆ 55 ಕಿಮೀ ವೇಗದಲ್ಲಿ ಓಡುತ್ತದೆ. ಮೂವತ್ತು ಮೀಟರ್ ದೂರ ಅದಕ್ಕೆ ಎರಡು ಸೆಕೆಂಡಿನ ದಾರಿ. ಮನುಷ್ಯರಿಂದ ರಕ್ಷಣೆಗೆಂದು ಮಾರುವ ಹಾಲೋ ಪಾಯಿಂಟ್ ಗುಂಡು ಮಾಂಸದೊಳಗೆ ಅರಳಿಕೊಂಡು ಅಲ್ಲೇ ನಿಲ್ಲುತ್ತದೆ. ಕರಡಿಗೆ ಬೇಕಾದದ್ದು ಅರಳದೆ ಆಳಕ್ಕೆ ಇಳಿಯುವ, ಮೂತಿ ಚಪ್ಪಟೆಯಾದ ಗಟ್ಟಿ ಗುಂಡು. ಗಟ್ಟಿ ಸೀಸದಲ್ಲಿ ಎರಕ ಹೊಯ್ದ ಅಂಥ ಗುಂಡನ್ನು ಇಲ್ಲಿ ಹಾರ್ಡ್ ಕಾಸ್ಟ್ ಅನ್ನುತ್ತಾರೆ.

ಹಳಬರ ಕೈಯಲ್ಲಿ ಹೆಚ್ಚಾಗಿ ಕಾಣುವುದು .44 ಮ್ಯಾಗ್ನಮ್ ರಿವಾಲ್ವರ್: ಸ್ಮಿತ್ ಅಂಡ್ ವೆಸನ್ 629, ಇಲ್ಲವೇ ಎರಡೂವರೆ ಇಂಚು ನಳಿಗೆಯ ರೂಗರ್ ಸೂಪರ್ ರೆಡ್‌ಹಾಕ್ ಅಲಾಸ್ಕನ್. ಶಕ್ತಿಗೆ ಕೊರತೆಯಿಲ್ಲ, ಆದರೆ ಆರೇ ಗುಂಡು, ಒಂದೂಕಾಲು ಕೆಜಿ ತೂಕ, ಮೈ ನಡುಗಿಸುವ ಒದೆತ. ನಾನು ಮೊದಲು ಕೊಂಡದ್ದು .44 ಅನ್ನೇ. ರೇಂಜಿನಲ್ಲಿ ಏಳು ಗಜ ದೂರದ ಊಟದ ತಟ್ಟೆಯಷ್ಟು ಗುರಿಗೆ ಆರು ಹೊಡೆದೆ. ಎರಡು ತಾಗಿದವು. ಹೆಬ್ಬೆರಳಿನ ಬುಡದ ಚರ್ಮ ಕಿತ್ತು ಬಂದಿತ್ತು, ಮುಂದಿನ ಗುಂಡಿಗೆ ಮುಂಚೆಯೇ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮೂರು ತಿಂಗಳು ಅಭ್ಯಾಸ ಮಾಡಿಯೂ ಅದು ಹೋಗಲಿಲ್ಲ. ಕೊನೆಗೆ ಅದನ್ನು ಮಾರಿ 10 ಎಂಎಂ ಗ್ಲಾಕ್ 20 ತೆಗೆದುಕೊಂಡೆ. ಒಂದೊಂದು ಗುಂಡಿನ ಬಲ .44ಕ್ಕಿಂತ ಕಡಿಮೆಯೇ. ಆದರೆ ಹದಿನೈದು ಗುಂಡು, ಹಗುರ, ಎರಡನೆಯ ಗುಂಡೂ ಗುರಿಗೆ ಬೀಳುತ್ತದೆ. ಅದರ ಮೂಲ ನಳಿಗೆಯಲ್ಲಿ ಹಾರ್ಡ್ ಕಾಸ್ಟ್‌ನಂಥ ಬರಿ ಸೀಸದ ಗುಂಡು ಬಳಸಬೇಡಿ ಎಂದು ಕಂಪನಿಯೇ ಹೇಳುತ್ತದೆ. ಹಾಗಾಗಿ ಮೇಲೆ ಲೋಹದ ಕವಚವಿರುವ, ಅರಳದ ಗುಂಡನ್ನೇ ಕೇಳಿ. ನಿಮ್ಮ ಕೈಗೆ .44ಕ್ಕಿಂತ ಸಣ್ಣ ಗುಂಡಿನ .357 ರಿವಾಲ್ವರ್ ಮಾತ್ರ ಹೊಂದಿದರೆ ಅದೇ ಇರಲಿ. ತಾಗುವ ಸಣ್ಣ ಗುಂಡು ತಪ್ಪುವ ದೊಡ್ಡ ಗುಂಡಿಗಿಂತ ಮೇಲು ಎಂದು ನಾನು ಅನುಭವದಿಂದ ಹೇಳುತ್ತೇನೆ.

ಕೊಡಗಿನವರು ಕೋವಿಯ ಜೊತೆಗೇ ಬೆಳೆದವರು, ಅವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ ಅನ್ನಿಸಬಹುದು. ಆದರೆ ಭುಜಕ್ಕೆ ಒತ್ತಿ ಹೊಡೆಯುವ ಕೋವಿಯ ವಿದ್ಯೆ ಮೊಟಕು ನಳಿಗೆಯ ಪಿಸ್ತೂಲಿಗೆ ಬರುವುದಿಲ್ಲ. ಅವರೂ ಮೊದಲಿನಿಂದ ಕಲಿಯಲೇಬೇಕು.

ಹೋಲ್ಸ್ಟರ್, ಅಂದರೆ ಪಿಸ್ತೂಲಿನ ಒರೆ, ಎದೆಗೆ ಕಟ್ಟುವಂಥದ್ದನ್ನೇ ಕೊಳ್ಳಿ. ಸೊಂಟದಲ್ಲಿ ಇಟ್ಟರೆ ಬ್ಯಾಗಿನ ಪಟ್ಟಿ ಅಡ್ಡ ಬರುತ್ತದೆ, ಹೊಳೆಗಿಳಿದರೆ ವೇಡರ್ಸ್ (ಎದೆಯವರೆಗೆ ಬರುವ, ನೀರು ಒಳಹೋಗದ ಪ್ಯಾಂಟು) ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಖಾಲಿ ಪಿಸ್ತೂಲಿನಲ್ಲಿ, ಮಳೆಕೋಟು ಹಾಕಿಕೊಂಡೇ, ತೆಗೆದು ಗುರಿಯಿಡುವುದನ್ನು ವಾರಕ್ಕೆರಡು ಸಲ ಅಭ್ಯಾಸ ಮಾಡಿ. ಮನೆಗೆ ಬಂದ ಕೂಡಲೇ ಬೀಗದ ಪೆಟ್ಟಿಗೆಗೆ ಹಾಕಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ "ನಾಳೆ" ಅನ್ನುವ ಮಾತೇ ಇಲ್ಲ.

ಗುಂಡು ಹಾರಿ ಕರಡಿ ಸತ್ತರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ತಲೆಬುರುಡೆಯನ್ನೂ ಉಗುರು ಸಮೇತ ಚರ್ಮವನ್ನೂ ನೀವೇ ಬಿಡಿಸಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ಒಪ್ಪಿಸಬೇಕು, 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಊಟವನ್ನೋ ಕಸವನ್ನೋ ಬಯಲಲ್ಲಿಟ್ಟು ಕರಡಿಯನ್ನು ನೀವೇ ಕರೆದಂತಾಗಿದ್ದರೆ ಆತ್ಮರಕ್ಷಣೆ ಅನ್ನುವ ವಾದ ನಿಲ್ಲುವುದಿಲ್ಲ. ಕಾರಿನಲ್ಲಿ ಕೆನಡಾ ಮೂಲಕ ಕೆಳಗಿರುವ ಅಮೆರಿಕದ ಬೇರೆ ರಾಜ್ಯಗಳಿಗೆ ಹೋಗುವವರು ಪಿಸ್ತೂಲನ್ನು ಮನೆಯಲ್ಲೇ ಬಿಡಿ, ಗಡಿಯಲ್ಲಿ ಅದನ್ನು ಒಳಗೆ ಬಿಡುವುದಿಲ್ಲ.

ಎಷ್ಟೋ ವರ್ಷಗಳಲ್ಲಿ ನನಗೆ ಕರಡಿ ತೀರ ಹತ್ತಿರ ಸಿಕ್ಕದ್ದು ಒಮ್ಮೆ, ಜುಲೈಯಲ್ಲಿ, ರಷ್ಯನ್ ರಿವರ್ ದಡದಲ್ಲಿ. ಹಿಡಿದ ಸಾಲ್ಮನ್ ಬಗಿಯುತ್ತಾ ಬಗ್ಗಿದ್ದೆ. ಎದ್ದು ನೋಡಿದರೆ ಹದಿನೈದು ಹೆಜ್ಜೆ ಆಚೆ ಹುಲ್ಲಿನಲ್ಲಿ ತಾಯಿ, ಪಕ್ಕದಲ್ಲಿ ಎರಡು ಮರಿ. ಅದರ ಮೂಗಿನ ಮೇಲೆ ನೀರಿನ ಹನಿಗಳು ಕಾಣುತ್ತಿದ್ದವು. ಓಡಲಿಲ್ಲ. ಸ್ಪ್ರೇ ಡಬ್ಬಿಯ ಸೇಫ್ಟಿ ತೆಗೆದು, ಕನ್ನಡದಲ್ಲೇ ಮೆಲ್ಲಗೆ ಮಾತಾಡುತ್ತಾ, ಮೀನು ಅಲ್ಲೇ ಬಿಟ್ಟು ಹಿಂದೆ ಹಿಂದೆ ಸರಿದೆ. ಅದು ಮೀನು ಕಚ್ಚಿಕೊಂಡು ಹೋಯಿತು. ಗ್ಲಾಕ್ ಎದೆಯ ಮೇಲೇ ಇತ್ತು, ಕೈ ಅದರ ಕಡೆ ಹೋಗಲಿಲ್ಲ.

ಅವಧಿ ಮುಗಿದ ಸ್ಪ್ರೇ ಡಬ್ಬಿಗಳನ್ನು ಎಸೆಯಬೇಡಿ. ಮೇ ತಿಂಗಳಲ್ಲಿ ಒಂದು ಭಾನುವಾರ, ಗಾಳಿಯಿಲ್ಲದ ಹೊತ್ತು ನೋಡಿ ಬಯಲಿಗೆ ಹೋಗಿ ಹೊಸಬರ ಕೈಲಿ ಹೊಡೆಸುತ್ತೇವೆ. ಹೆಂಡತಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ಆ ಸೇಫ್ಟಿ ಕ್ಲಿಪ್ ಎಷ್ಟು ಬಿಗಿಯೆಂದು ಅವರ ಬೆರಳಿಗೂ ಗೊತ್ತಿರಬೇಕು.