ಕೆಲಸದಲ್ಲಿ ಕಣ್ಣಿಗೆ ಪೆಟ್ಟಾದರೆ: ಪರಿಹಾರ ಪಡೆಯುವ ದಾರಿ

ಗ್ರೈಂಡಿಂಗ್ ಚಕ್ರದಿಂದ ಸಿಡಿದ ಕಬ್ಬಿಣದ ಚೂರು, ಕ್ವಾರಿಯಲ್ಲಿ ಹಾರಿದ ಕಲ್ಲಿನ ಚಕ್ಕೆ, ಗೋಡೆಗೆ ಬಳಿಯುವಾಗ ಚಿಮ್ಮಿದ ಸುಣ್ಣ, ಬ್ಯಾಟರಿಯ ಆಸಿಡ್. ಕೆಲಸದ ಜಾಗದಲ್ಲಿ ಕಣ್ಣು ಹೋಗುವುದು ಹೆಚ್ಚಾಗಿ ಇಂಥವುಗಳಿಂದ. ಕಾನೂನಿನಲ್ಲಿ ಇದಕ್ಕೆ ಸ್ಪಷ್ಟವಾದ ಲೆಕ್ಕವಿದೆ. ಆದರೂ ಅರ್ಜಿಗಳು ಸೋಲುತ್ತವೆ. ಬಹುಪಾಲು ಅವು ಸೋಲುವುದು ಕಾನೂನಿನಲ್ಲಲ್ಲ, ಮೊದಲ ದಿನದ ಆಸ್ಪತ್ರೆ ಚೀಟಿಯಲ್ಲಿ.

ಚೀಟಿಗಿಂತ ಮುಂಚೆ ಕಣ್ಣು. ಸುಣ್ಣ, ಸಿಮೆಂಟ್, ಆಸಿಡ್ ಬಿದ್ದರೆ ನಿಂತ ಜಾಗದಲ್ಲೇ ಶುದ್ಧ ನೀರಿನಿಂದ ಕನಿಷ್ಠ 15ರಿಂದ 30 ನಿಮಿಷ ತೊಳೆಯಬೇಕು. ರೆಪ್ಪೆ ಬಿಡಿಸಿ ಹಿಡಿದು, ಒಳಗೆ ಅಂಟಿದ ಸುಣ್ಣದ ಕಾಳೂ ಹೋಗುವಂತೆ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಚೂರು ಚುಚ್ಚಿಕೊಂಡಿದ್ದರೆ ತೊಳೆಯಬಾರದು, ಉಜ್ಜಬಾರದು, ಕೀಳಬಾರದು. ಕಣ್ಣನ್ನು ಒತ್ತದ ಹಾಗೆ ಕಾಗದದ ಲೋಟದಂಥ ಏನನ್ನಾದರೂ ಮೇಲೆ ಮುಚ್ಚಿ ಕರೆದೊಯ್ಯಬೇಕು. ಲೋಹದ ಚೂರು ಒಳಗಿರಬಹುದೆಂಬ ಅನುಮಾನವಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅಂಥ ಕಣ್ಣಿಗೆ ಎಂಆರ್‌ಐ ಅಪಾಯಕಾರಿ, ಸಿಟಿ ಸ್ಕ್ಯಾನ್ ಅಥವಾ ಎಕ್ಸ್‌ರೇ ಮಾಡುತ್ತಾರೆ.

ಈಗ ಆ ಚೀಟಿ. ಆಸ್ಪತ್ರೆಯಲ್ಲಿ ‘ಹೇಗಾಯಿತು’ ಎಂದು ಕೇಳಿದಾಗ ಕೊಡುವ ಉತ್ತರವೇ ಮುಂದೆ ಸಾಕ್ಷಿ. ‘ಕೆಲಸದ ವೇಳೆ, ಇಂಥ ಜಾಗದಲ್ಲಿ, ಇಂಥ ಯಂತ್ರದಿಂದ, ಇಷ್ಟು ಗಂಟೆಗೆ’ ಎಂದು ಬರೆಸಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಲು ಕೇಳಿ. ಜೊತೆಗೆ ಬಂದ ಮೇಸ್ತ್ರಿಯೋ ಸೂಪರ್‌ವೈಸರೋ ‘ಮನೇಲಿ ಬಿದ್ದೆ ಅಂತ ಹೇಳು, ಖರ್ಚೆಲ್ಲ ನಾವು ನೋಡ್ಕೋತೀವಿ’ ಎನ್ನುವುದುಂಟು. ಆ ಒಂದು ಸಾಲು ದಾಖಲೆಗೆ ಹೋದರೆ ಎರಡು ವರ್ಷದ ನಂತರ ಹತ್ತು ಸಾಕ್ಷಿ ಕರೆತಂದರೂ ಅಳಿಸುವುದು ಕಷ್ಟ. ಸಂಕೋಚಪಡಬೇಡಿ, ನಡೆದದ್ದನ್ನೇ ಹೇಳಿ. ಎರಡೂ ಕಣ್ಣಿನ ದೃಷ್ಟಿಯನ್ನು 6/6, 6/60 ಎಂಬಂತೆ ಅಂಕಿಯಲ್ಲಿ ಬರೆಸಿಕೊಳ್ಳಿ. ಅದೇ ವಾರ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ರಿಜಿಸ್ಟರ್ ಅಂಚೆಯ ರಸೀದಿ ಇಟ್ಟುಕೊಳ್ಳಿ.

ಯಾವ ಬಾಗಿಲು ತಟ್ಟಬೇಕು?

ಮೊದಲು ಕೇಳಬೇಕಾದ ಪ್ರಶ್ನೆ: ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯೇ? ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಇಎಸ್‌ಐ ಅನ್ವಯಿಸುತ್ತದೆ. ಅದು ಅನ್ವಯಿಸಿದರೆ ಮಾಲೀಕರ ಮೇಲೆ ಪ್ರತ್ಯೇಕ ಪರಿಹಾರದ ಅರ್ಜಿ ಹಾಕಲು ಬರುವುದಿಲ್ಲ. ಎರಡರಲ್ಲಿ ಒಂದೇ.

ಇಎಸ್‌ಐ ಇದ್ದವರು ಮಾಲೀಕರಿಂದ ಅಪಘಾತ ವರದಿ, ಅಂದರೆ ಫಾರಂ 12, ಸಲ್ಲಿಕೆಯಾಯಿತೇ ಎಂದು ಶಾಖಾ ಕಚೇರಿಯಲ್ಲಿ ಖುದ್ದು ವಿಚಾರಿಸಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾಗಿದ್ದರೂ ಹಕ್ಕಿದೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇಲ್ಲಿಲ್ಲ. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದಿದ್ದರೆ, ಗುಣವಾಗುವವರೆಗೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಆಮೇಲೆ ವೈದ್ಯಕೀಯ ಮಂಡಳಿ ದುಡಿಮೆಯ ಶಕ್ತಿ ಎಷ್ಟು ಕುಗ್ಗಿದೆ ಎಂದು ತೀರ್ಮಾನಿಸುತ್ತದೆ. ದಿನಕ್ಕೆ 500 ರೂಪಾಯಿ ಕೂಲಿಯಿದ್ದು ಶೇ 30 ಎಂದು ತೀರ್ಮಾನವಾದರೆ, 450ರ ಶೇ 30, ಅಂದರೆ ದಿನಕ್ಕೆ ಸುಮಾರು 135 ರೂಪಾಯಿ. ಇದು ಜೀವನಪರ್ಯಂತ. ಮತ್ತೆ ಕೆಲಸಕ್ಕೆ ಹೋದರೂ ನಿಲ್ಲುವುದಿಲ್ಲ. ಮಂಡಳಿ ಕಡಿಮೆ ಕೊಟ್ಟಿದೆ ಅನ್ನಿಸಿದರೆ 3 ತಿಂಗಳೊಳಗೆ ಮೇಲ್ಮನವಿ ಹಾಕಿ.

ಇಎಸ್‌ಐ ಇಲ್ಲದವರ ಲೆಕ್ಕ

ಕಟ್ಟಡ, ಕ್ವಾರಿ, ಸಣ್ಣ ಗ್ಯಾರೇಜು, ವೆಲ್ಡಿಂಗ್ ಅಂಗಡಿಯವರ ಪೈಕಿ ಬಹಳ ಜನ ಈ ಗುಂಪಿನವರು. ಇವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ ಜಾಗಕ್ಕೆ ಬಂದಿದೆ. ಲೆಕ್ಕದ ಸೂತ್ರ ಬದಲಾಗಿಲ್ಲ. ಆದರೆ ಅರ್ಜಿಯಲ್ಲಿ ಯಾವ ಕಾನೂನನ್ನು ಹೆಸರಿಸಬೇಕೆಂಬುದಕ್ಕೆ ಅಪಘಾತದ ದಿನಾಂಕ ಮುಖ್ಯ, ಅದನ್ನು ವಕೀಲರಿಗೆ ಸರಿಯಾಗಿ ಹೇಳಿ.

ಕಾಯ್ದೆಯ ಪಟ್ಟಿ ಹೀಗೆ ಹೇಳುತ್ತದೆ: ಕಣ್ಣು ಬೇಕಾಗುವ ಯಾವ ಕೆಲಸವನ್ನೂ ಮಾಡಲಾಗದಷ್ಟು ದೃಷ್ಟಿ ಹೋದರೆ ಶೇ 100. ಒಂದು ಕಣ್ಣುಗುಡ್ಡೆಯೇ ಹೋಗಿ ಇನ್ನೊಂದು ಸರಿಯಿದ್ದರೆ ಶೇ 40. ಗುಡ್ಡೆ ಉಳಿದು ಒಂದು ಕಣ್ಣಿನ ದೃಷ್ಟಿ ಮಾತ್ರ ಹೋಗಿದ್ದರೆ ಶೇ 30. ಒಂದು ಕಣ್ಣಿನ ದೃಷ್ಟಿ ಭಾಗಶಃ ಹೋಗಿದ್ದರೆ ಶೇ 10.

ಹಣದ ಲೆಕ್ಕ: ತಿಂಗಳ ಸಂಬಳದ ಶೇ 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ರೂಪಾಯಿ, 2020ರ ಜನವರಿ 3ರಿಂದ. ಗುಣಕ 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. 30 ವರ್ಷದ, 15,000 ಸಂಬಳದ ಕಾರ್ಮಿಕರಿಗೆ 9,000 × 207.98 = 18,71,820 ರೂಪಾಯಿ. ಇದು ಶೇ 100ರ ಮೊತ್ತ. ಒಂದು ಕಣ್ಣಿನ ದೃಷ್ಟಿ ಹೋಗಿದ್ದರೆ ಇದರ ಶೇ 30, ಅಂದರೆ 5,61,546. ಗುಡ್ಡೆಯೇ ಹೋಗಿದ್ದರೆ 7,48,728. ಚಿಕಿತ್ಸೆಯ ಖರ್ಚನ್ನು ಮಾಲೀಕರು ಇದರ ಹೊರತಾಗಿ ಕೊಡಬೇಕು. ಹಾಗಾಗಿ ‘ಆಸ್ಪತ್ರೆ ಬಿಲ್ಲು ನಾವೇ ಕಟ್ಟಿದ್ದೀವಲ್ಲ’ ಎಂಬ ಮಾತು ಪರಿಹಾರಕ್ಕೆ ಉತ್ತರವಲ್ಲ.

ಪಟ್ಟಿಯ ಶೇ 30, 40 ಎಂಬುದರ ಹಿಂದೆ ‘ಇನ್ನೊಂದು ಕಣ್ಣು ಸರಿಯಿದ್ದರೆ’ ಎಂಬ ಷರತ್ತಿದೆ. ಇದನ್ನು ತುಂಬ ಜನ ಗಮನಿಸುವುದೇ ಇಲ್ಲ. ಮೊದಲೇ ಒಂದು ಕಣ್ಣು ಮಂದವಾಗಿದ್ದವರು ಒಳ್ಳೆಯ ಕಣ್ಣನ್ನು ಕಳೆದುಕೊಂಡರೆ ಶೇ 30ಕ್ಕೆ ಒಪ್ಪಬೇಡಿ, ಪೂರ್ಣ ಅಸಮರ್ಥತೆ ಎಂದು ಕೇಳಿ. ಕೆಲಸದ ಸ್ವರೂಪವೂ ಲೆಕ್ಕಕ್ಕೆ ಬರುತ್ತದೆ. ಎಡಗೈ ಕಳೆದುಕೊಂಡ ಬಡಗಿಯದು ಪೂರ್ಣ ಅಸಮರ್ಥತೆ ಎಂದು ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಹೇಳಿದೆ. 2008ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, ಬಲಗಾಲು ಹೋದ ಟ್ಯಾಂಕರ್ ಚಾಲಕನಿಗೂ ದುಡಿಮೆಯ ಶಕ್ತಿ ಶೇ 100 ಹೋಗಿದೆ ಎಂದಿತು. ಒಂದು ಕಣ್ಣು ಹೋದ ಲಾರಿ ಚಾಲಕರು, ಕ್ರೇನ್ ನಡೆಸುವವರು ಇದೇ ವಾದ ಮುಂದಿಡಬೇಕು, ಲೈಸೆನ್ಸ್ ನವೀಕರಣ ನಿರಾಕರಿಸಿದ ಪತ್ರವಿದ್ದರೆ ಲಗತ್ತಿಸಬೇಕು.

ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಶೇಕಡಾವಾರು ಬೇರೆಯದೇ ಅಳತೆ. ಅದು ದೇಹದ ನ್ಯೂನತೆಯನ್ನು ಅಳೆಯುತ್ತದೆ, ಇಲ್ಲಿ ಬೇಕಾದ್ದು ದುಡಿಮೆಯ ನಷ್ಟ. ಆ ಕಾರ್ಡೊಂದನ್ನೇ ನಂಬಿ ಅರ್ಜಿ ಹಾಕಬೇಡಿ. ಚಿಕಿತ್ಸೆ ಕೊಟ್ಟ ನೇತ್ರತಜ್ಞರು, ಇಲ್ಲವೇ ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಯ ವೈದ್ಯರು, ‘ಈ ಕೆಲಸ ಇನ್ನು ಮಾಡಲಾಗದು’ ಎಂದು ಕಾರಣ ಸಹಿತ ಬರೆದುಕೊಡಲಿ.

ಬೇಗ ರಾಜಿಯಾದರೆ ಆಗುವ ನಷ್ಟ

ಕಣ್ಣಿನ ಗಾಯ ಮೊದಲ ತಿಂಗಳಲ್ಲಿ ತನ್ನ ಪೂರ್ಣ ರೂಪ ತೋರಿಸುವುದಿಲ್ಲ. ಪೆಟ್ಟಿನಿಂದ ಪೊರೆ ತಿಂಗಳುಗಳ ನಂತರವೂ ಬೆಳೆಯಬಹುದು. ಒಳಗೆ ಉಳಿದ ಕಬ್ಬಿಣದ ಕಣ ತುಕ್ಕು ಬಿಟ್ಟು ಅಕ್ಷಿಪಟಲವನ್ನು ನಿಧಾನವಾಗಿ ಕೊಲ್ಲುತ್ತದೆ. ಗುಡ್ಡೆಯನ್ನು ತೂರಿದ ಗಾಯದ ಬಳಿಕ, ಅಪರೂಪಕ್ಕೆ, ಪೆಟ್ಟೇ ಬೀಳದ ಇನ್ನೊಂದು ಕಣ್ಣಿಗೂ ಉರಿಯೂತ ಬಂದು ದೃಷ್ಟಿ ಹೋಗುವುದುಂಟು. ಹಾಗಿರುವಾಗ ಮೂರನೆಯ ವಾರದಲ್ಲೇ ‘ಎಲ್ಲ ಬಾಕಿ ಚುಕ್ತಾ’ ಎಂಬ ಕಾಗದಕ್ಕೆ ಸಹಿ ಹಾಕುವುದು ದೊಡ್ಡ ತಪ್ಪು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ಊರ್ಜಿತವಲ್ಲ, ಹಣ ಒಪ್ಪಿಕೊಳ್ಳುವ ಒಪ್ಪಂದವನ್ನು ಪರಿಹಾರದ ಅರ್ಜಿ ವಿಚಾರಿಸುವ ಆಯುಕ್ತರ ಬಳಿ ನೋಂದಾಯಿಸಬೇಕು. ಆದರೂ ಸಹಿ ಹಾಕಿದ ಕಾಗದವಿದ್ದರೆ ಮೊಕದ್ದಮೆ ಎಳೆಯುತ್ತದೆ. ಚಿಕಿತ್ಸೆಯ ಅವಧಿಗೆ ಪ್ರತಿ ಅರ್ಧ ತಿಂಗಳಿಗೆ ತಿಂಗಳ ಸಂಬಳದ ಶೇ 25 ಪಡೆಯುವ ಹಕ್ಕಿದೆ, ಅದನ್ನು ಕೇಳಿ.

ಹಾಗೆಂದು ತಡವೂ ಬೇಡ. ಅಪಘಾತವಾದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಪರಿಹಾರ ಆಯುಕ್ತರಾಗಿ ಇವನ್ನು ವಿಚಾರಿಸುತ್ತ ಬಂದಿದ್ದಾರೆ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಬೆಂಗಳೂರಿನಲ್ಲಿ ಪೆಟ್ಟಾದ ರಾಯಚೂರಿನವರು ತಾವು ವಾಸವಿರುವ ಊರಿನ ಕಡೆಯೇ ಹಾಕಬಹುದು. ಕಂಟ್ರಾಕ್ಟರ್ ಕೈಕೆಳಗೆ ದುಡಿಯುತ್ತಿದ್ದರೆ, ಕೆಲಸ ವಹಿಸಿದ ಮೂಲ ಕಂಪನಿಯನ್ನೂ ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಪಕ್ಷಕಾರರನ್ನಾಗಿ ಮಾಡಿ. ಕಂಟ್ರಾಕ್ಟರ್ ನಾಪತ್ತೆಯಾದರೂ ಆಗ ದಾರಿ ಮುಚ್ಚುವುದಿಲ್ಲ.

ಸಂಬಳದ ಚೀಟಿ ಇಲ್ಲದವರು ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಹಣದ ವಿವರ, ಹಾಜರಿ ಪುಸ್ತಕದ ಫೋಟೊ, ಮೇಸ್ತ್ರಿಯ ವಾಟ್ಸ್‌ಆ್ಯಪ್ ಸಂದೇಶ ಇವನ್ನೆಲ್ಲ ಜೋಪಾನ ಮಾಡಿ. ‘ಮೊದಲೇ ಕಣ್ಣು ಸರಿಯಿರಲಿಲ್ಲ’ ಎಂಬ ವಾದ ಬಂದೇ ಬರುತ್ತದೆ. ಹಳೆಯ ಕನ್ನಡಕದ ಚೀಟಿ, ಲೈಸೆನ್ಸಿಗೆ ಮಾಡಿಸಿದ ಕಣ್ಣಿನ ಪರೀಕ್ಷೆ ಅದಕ್ಕೆ ಉತ್ತರ. ‘ಗಾಗಲ್ ಹಾಕಿರಲಿಲ್ಲ’ ಎನ್ನುವುದು ಇನ್ನೊಂದು ವಾದ. ಕಾಯ್ದೆ ಹೇಳುವುದು ಕೊಟ್ಟಿದ್ದ ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕಿದ್ದರ ಅಥವಾ ಕಡೆಗಣಿಸಿದ್ದರ ಬಗ್ಗೆ. ಸಾಧನವನ್ನೇ ಕೊಟ್ಟಿರದ ಕಡೆ ಆ ಮಾತು ನಿಲ್ಲುವುದಿಲ್ಲ. ಪೂರ್ಣ ಶಾಶ್ವತ ಅಸಮರ್ಥತೆಯಾದರಂತೂ ಆ ವಾದಕ್ಕೆ ಜಾಗವೇ ಇಲ್ಲ.

ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ಶೇ 12ರ ಬಡ್ಡಿಯನ್ನು ಅರ್ಜಿಯಲ್ಲೇ ಕೇಳಿ. ಸಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಶೇ 50ರವರೆಗೆ ದಂಡವೂ ಉಂಟು, ಅದನ್ನು ಮಾಲೀಕರೇ ಕೈಯಿಂದ ಕಟ್ಟಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೋಗುವಾಗ ಆ ಮೊದಲ ದಿನದ ಚೀಟಿಯ ಮೂಲಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ.