ಯಾವ ದೇಶ ಯಾರ ಕಡೆ? ಅದಿರು, ಎಣ್ಣೆಯ ಲೆಕ್ಕದಿಂದ ತಿಳಿಯೋದು ಹೇಗೆ

ನಾಯಕರು ಅಪ್ಪಿಕೊಂಡ ಫೋಟೋ ಬಿಡಿ. ಯಾರು ಯಾರಿಗೆ ಏನು ಮಾರುತ್ತಾರೆ, ಅದನ್ನು ಮೊದಲು ನೋಡಿ. ಬಳ್ಳಾರಿ, ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, 2008ರ ಒಲಿಂಪಿಕ್ಸ್‌ಗೆ ಮುಂಚೆ ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿದಾಗ ನಮ್ಮಲ್ಲಿ ಸುಮ್ನೆ ಗುಡ್ಡೆ ಬಿದ್ದಿದ್ದ ಅದಿರಿನ ಪುಡಿಗೂ (ಫೈನ್ಸ್) ಲಾರಿ ಸಾಲುಗಟ್ಟಿದ್ದವು.

ಮೊದಲ ಪ್ರಶ್ನೆ: ಆ ಮಾಲು ಬೇರೆ ಕಡೆ ಸಿಗುತ್ತದಾ? 2020ರಲ್ಲಿ ಕೋವಿಡ್ ಎಲ್ಲಿಂದ ಬಂತು ಅಂತ ತನಿಖೆ ಆಗಲಿ ಎಂದಿತು ಆಸ್ಟ್ರೇಲಿಯಾ. ಚೀನಾಕ್ಕೆ ಸಿಟ್ಟು ಬಂತು. ಬಾರ್ಲಿಗೆ 80% ದಾಟಿದ ಸುಂಕ ಹಾಕಿತು, ವೈನ್‌ಗೂ ಭಾರಿ ಸುಂಕ, ಕಲ್ಲಿದ್ದಲ ಹಡಗುಗಳು ಬಂದರಿನ ಹೊರಗೇ ನಿಂತವು. ಕಬ್ಬಿಣದ ಅದಿರನ್ನು ಮಾತ್ರ ಮುಟ್ಟಲಿಲ್ಲ! ಯಾಕೆಂದರೆ ಚೀನಾ ತರಿಸುವ ಅದಿರಿನಲ್ಲಿ ಸುಮಾರು 60% ಆಸ್ಟ್ರೇಲಿಯಾದ್ದು, ಅಷ್ಟು ಮಾಲು ಕೊಡುವವರು ಬೇರೆ ಯಾರೂ ಇರಲಿಲ್ಲ. ಬೈದಾಟ ನಡೆದೇ ಇತ್ತು, ಅದಿರಿನ ಹಡಗೂ ಓಡುತ್ತಲೇ ಇತ್ತು.

ಆಮೇಲೆ ತಾರೀಖು ನೋಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ರಷ್ಯಾ ಎಣ್ಣೆಗಾಗಿಯೇ ಭಾರತ ಉಕ್ರೇನ್ ಯುದ್ಧದ ವಿಚಾರದಲ್ಲಿ ವಿಶ್ವಸಂಸ್ಥೆಯಲ್ಲಿ ರಷ್ಯಾ ವಿರುದ್ಧ ಮತ ಹಾಕಲಿಲ್ಲ ಅನ್ನುವವರಿದ್ದಾರೆ, ಆದರೆ ನಾವು ಮತದಿಂದ ದೂರ ಉಳಿದದ್ದು 2022ರ ಮಾರ್ಚ್‌ನಲ್ಲಿ, ಆಗ ನಾವು ತರಿಸುವ ಕಚ್ಚಾ ಎಣ್ಣೆಯಲ್ಲಿ ರಷ್ಯಾದ ಪಾಲು ತೀರಾ ಕಡಿಮೆ ಇತ್ತು, ಮೂರನೇ ಒಂದು ಭಾಗ ದಾಟಿದ್ದು 2023ರಲ್ಲಿ. ಹಾಗಾದರೆ ಆ ಮತಕ್ಕೆ ಎಣ್ಣೆ ಕಾರಣ ಆಗಲ್ಲ ಅಲ್ವಾ? ಹಳೇ ಶಸ್ತ್ರಾಸ್ತ್ರ ವ್ಯವಹಾರದ ಕಡೆ ನೋಡಬೇಕು. ಎಣ್ಣೆ ಆ ನಂಟನ್ನು ಆಮೇಲೆ ಗಟ್ಟಿ ಮಾಡಿತು.

ಸಹಿ ಹಾಕಿದ ಸರ್ಕಾರ ಉಳಿಯುತ್ತದಾ ಅಂತಲೂ ಕೇಳಿಕೊಳ್ಳಿ. ಕುದುರೆಮುಖದ ಅದಿರಿಗೆ 1975ರಲ್ಲಿ ಇರಾನಿನ ಶಾ ಸರ್ಕಾರ ಸಾಲ ಕೊಡಲು, ಮಾಲು ಕೊಳ್ಳಲು ಒಪ್ಪಿತ್ತು. 1979ರಲ್ಲಿ ಕ್ರಾಂತಿ ಆಗಿ ಆ ಸರ್ಕಾರವೇ ಬಿತ್ತು. ಗಣಿ ಸಿದ್ಧವಾಗುವ ಹೊತ್ತಿಗೆ ಗಿರಾಕಿಯೇ ಇಲ್ಲ.

ಅಗೆಯುವವರಿಗಿಂತ ಶುದ್ಧ ಮಾಡುವವರ ಕೈ ಮೇಲಿರುವುದೂ ಉಂಟು. ಅಪರೂಪದ ಲೋಹಗಳಲ್ಲಿ (ರೇರ್ ಅರ್ತ್) ಚೀನಾದ ಹಿಡಿತ ಹೆಚ್ಚು ಬಿಗಿಯಾಗಿರುವುದು ಅಲ್ಲೇ.

ಅಂಕಿ ಬೇಕಾದರೆ ನಮ್ಮ ವಾಣಿಜ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ದೇಶವಾರು, ಸರಕುವಾರು ಆಮದು ರಫ್ತು ಪುಕ್ಕಟೆ ಸಿಗುತ್ತದೆ. ಓದುವಾಗ ಒಂದು ಎಚ್ಚರ: ರಷ್ಯಾದ ಕಚ್ಚಾ ಎಣ್ಣೆ ಗುಜರಾತಿನಲ್ಲಿ ಡೀಸೆಲ್ ಆಗಿ ಬೇರೆ ದೇಶಕ್ಕೆ ಹೋದರೆ, ಆ ಲೆಕ್ಕದಲ್ಲಿ ಅದು ಭಾರತದ ಮಾಲು.